ಇಬ್ಬನಿ ತಾಗದ ಹುಸಿ ಎಲೆ

ಕಂಬ ನಿಲ್ಲಿಸಿದ ದಿನ ಗದ್ದೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಪೆಟ್ಟಿಗೆಗಳ ಸಮೇತ ಮೈಸೂರಿನಿಂದ ಬಂದಿದ್ದ ತಂತ್ರಜ್ಞ, ಗದ್ದೆಯ ಒಡತಿಯರಾದ ಅಕ್ಕ ತಂಗಿ, ಮತ್ತು ನಾನು. ವಯನಾಡಿನಲ್ಲಿ ಕಲ್ಲೂರು ದಾಟಿ ಮುತ್ತಂಗದ ಕಡೆ ಹೋಗುವ ಹೆದ್ದಾರಿಯಿಂದ ಇಳಿದರೆ ಆ ಗದ್ದೆ. ಬಸ್ಸಿನ ಎಡಗಡೆ ಕಿಟಕಿಯಲ್ಲಿ ಕುಳಿತವರಿಗೆ ರಸ್ತೆಯಿಂದಲೇ ಕಾಣುತ್ತದೆ. ಆಚೆ ಬದಿಗೆ ಕಾಡು, ಈಚೆ ಬದಿಗೆ ಒಂದು ಕಾಲಕ್ಕೆ ಗದ್ದೆಯೇ ಆಗಿದ್ದ ನೇಂತ್ರ ಬಾಳೆಯ ತೋಟಗಳು. ನಡುವೆ ಇವರದೊಂದು ತುಂಡು ಇನ್ನೂ ಭತ್ತ ಬೆಳೆಯುತ್ತಿತ್ತು.

ನಾಟಿ ಮುಗಿದು ಪೈರು ಬೇರು ಹಿಡಿದಿತ್ತು. ನಾವು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಬ್ಬಿಣದ ಕಂಬದ ಬುಡಕ್ಕೆ ಕಾಂಕ್ರೀಟು ತುಂಬುತ್ತಿದ್ದಾಗ ಮಳೆ ಹಿಡಿಯಿತು. ತಂತ್ರಜ್ಞ ರೇನ್‌ಕೋಟು ಏರಿಸಿಕೊಂಡ. ನಾನು ತರುವುದನ್ನು ಮರೆತಿದ್ದೆ. ಬದುವಿನ ಮೇಲೆ ನಿಂತಿದ್ದ ಅಕ್ಕ ಒಂದು ಗೊಬ್ಬರದ ಚೀಲವನ್ನು ಮೂಲೆಗೆ ಮೂಲೆ ಸೇರಿಸಿ ಮಡಚಿ, ಕೊಪ್ಪೆ ಮಾಡಿ, ಕೆಸರಿಗಿಳಿದು ಬಂದು ನನ್ನ ತಲೆಯ ಮೇಲೆ ಹಾಕಿದರು. ಬೆನ್ನು ಮುಚ್ಚುವ ಹಾಗೆ ಎಳೆದು ಸರಿಮಾಡಿದರು.

"ಕಾಲು ಕೆಸರಲ್ಲಿದ್ರೆ ತಲೆ ಒಣಗಿರ್ಬೇಕು ಮೋನೆ," ಅಂದರು.

"ಸುರುವಾಯ್ತು ಇವಳ್ದು," ಅಂದರು ತಂಗಿ, ಬದುವಿನ ಮೇಲಿನಿಂದಲೇ. "ನೇಗ್ಲುಗೂ ಕೊಪ್ಪೆ, ಬೆದರುಬೊಂಬೆಗೂ ಕೊಪ್ಪೆ. ನಮ್ಮಪ್ಪ ಕಲಿಸ್ಬುಟ್ಟು ಹೋದ, ಇವಳು ಬುಡಾಕಿಲ್ಲ. ನೀನು ಸತ್ರೆ ನಿನ್ ಮಣ್ಣಿಗೂ ಒಂದು ಹಾಕುಸ್ತೀನಿ ಕನಕ್ಕ."

"ಹಾಕ್ಸುವಂತೆ. ಮೊದ್ಲು ನೀನು ಹೋಯ್ತಿಯ. ಬಾಯಿ ಜಾಸ್ತಿ ಆದೋರು ಮೊದ್ಲು ಹೋಗೋದು."

ಆ ಕಾಡಂಚಿನಲ್ಲಿ, ಮಗನೇ ಎನ್ನಲು ಮೋನೆ ಎನ್ನುವಂಥ ಮಲಯಾಳದ ಪದಗಳು ಅಲ್ಲಲ್ಲಿ ಸಿಕ್ಕಿಕೊಂಡಿದ್ದರೂ ನಮ್ಮಜ್ಜಿಯ ಮಾತಿನ ಹಾಗೆಯೇ ಕೇಳಿಸಿದ ಆ ಕನ್ನಡವನ್ನು ಕೇಳಿ, ಕೊಪ್ಪೆಯೊಳಗೇ ನಕ್ಕೆ. ನಾನು ಗುಂಡ್ಲುಪೇಟೆ ಕಡೆಯವನು. ಅಪ್ಪ ಅಮ್ಮ ದುಡಿಮೆಗೆಂದು ಊರೂರು ಅಲೆಯುತ್ತಿದ್ದುದರಿಂದ ನನಗೆ ಮಾತು ಕಲಿಸಿದ್ದು ಅಜ್ಜಿ ಮತ್ತು ಅವಳ ಅಣ್ಣ. ಆ ಇಬ್ಬರೂ ಹೋದ ಮೇಲೆ ಅಂಥ ಮಾತು ಕಿವಿಗೆ ಬೀಳುವುದು ಕಡಿಮೆಯಾಗಿತ್ತು. ಅಕ್ಕನನ್ನು ಅವತ್ತೇ ದೊಡ್ಡವ್ವ ಅಂದೆ, ತಂಗಿಯನ್ನು ಚಿಕ್ಕವ್ವ ಅಂದೆ. ಸಂಜೆಯ ಬಸ್ಸಿಗೆ ತಂತ್ರಜ್ಞ ಹೊರಟುಹೋದ. ಅಲ್ಲಿಂದ ಮುಂದೆ ಕಂಬಕ್ಕೆ ನಾನೊಬ್ಬನೇ ದಿಕ್ಕು.

ಕೆಲಸ ಏನೆಂದು ಹೇಳುತ್ತೇನೆ. ಭತ್ತಕ್ಕೆ ಬೆಂಕಿ ರೋಗ ಬರುತ್ತದಲ್ಲ, ಅದು ಬರುವ ಮೊದಲೇ ಎಚ್ಚರಿಸುವ ಒಂದು ಲೆಕ್ಕವನ್ನು ನಮ್ಮ ಕಚೇರಿಯವರು ಕಂಪ್ಯೂಟರಿನಲ್ಲಿ ಕಟ್ಟಿದ್ದರು. ಅದಕ್ಕೆ ಮಾದರಿ ಎಂದು ಹೆಸರು. ಗದ್ದೆಯ ಉಷ್ಣ, ತೇವ, ಮಳೆ, ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬ ಅಂಕಿಗಳನ್ನೆಲ್ಲ ನುಂಗಿ, ದಿನಾ ಬೆಳಗ್ಗೆ ಒಂದು ಬಣ್ಣ ತೋರಿಸುತ್ತಿತ್ತು. ಹಸಿರಾದರೆ ಭಯವಿಲ್ಲ, ಹಳದಿಯಾದರೆ ನೋಡಿಕೊಳ್ಳಿ, ಕೆಂಪಾದರೆ ಔಷಧಿ ಹೊಡೆಯಿರಿ. ಕಾಲುವೆ ನೀರಿನ ಬಯಲಿನಲ್ಲಿ ಹುಟ್ಟಿದ ಲೆಕ್ಕ ಅದು. ಬೇರೆ ಹವೆಯಲ್ಲೂ ನಿಲ್ಲುತ್ತದೆಯೇ ಎಂದು ನೋಡಬೇಕಿತ್ತು. ಬಯಲಿನಲ್ಲೇ ಒಂದು ತಾಣ, ಕಡಲ ತೀರದಲ್ಲಿ ಒಂದು, ಬೆಟ್ಟದ ಮಂಜಿಗೆ ವಯನಾಡಿನದು. ನಾನು ಮಂಜಿನ ಪಾಲಿಗೆ ಬಂದವನು.

ಗದ್ದೆಯನ್ನು ಮೂರು ಮಡಿ ಮಾಡಿದ್ದೆವು. ಒಂದಕ್ಕೆ ಎಲ್ಲರೂ ಹೊಡೆಯುವ ಹಾಗೆ ಕ್ಯಾಲೆಂಡರ್ ನೋಡಿ ಔಷಧಿ. ಒಂದಕ್ಕೆ, ಅದು ಚಿಕ್ಕದು, ಏನೂ ಇಲ್ಲ. ರೋಗ ಬಂದರೆ ಬರಲಿ ಎಂದು ಬಿಟ್ಟ ಮಡಿ. ನಡುವಿನ ದೊಡ್ಡದಕ್ಕೆ ಮಾದರಿ ಹೇಳಿದರೆ ಮಾತ್ರ ಔಷಧಿ. ಆ ನಡುವಿನ ಮಡಿಯೇ ಅಕ್ಕ ತಂಗಿಯರ ಬೀಜದ ಮಡಿಯೂ ಆಗಿತ್ತು. ಗಂಧಕಸಾಲೆ, ಬೇಯುವಾಗ ಪಕ್ಕದ ಮನೆಗೂ ಗೊತ್ತಾಗುವ ಭತ್ತ. ಸುತ್ತಮುತ್ತಲಿನವರೆಲ್ಲ ಬಾಳೆಗೆ, ಶುಂಠಿಗೆ ತಿರುಗಿದ ಮೇಲೆ ಆ ಗದ್ದೆಸಾಲಿನಲ್ಲಿ ಅದರ ಬೀಜ ಉಳಿಸಿಕೊಂಡವರು ಇವರಿಬ್ಬರೇ. ಬೀಜದ ಮಡಿ ಅಂಚಿಗಿದ್ದರೆ ಹಂದಿ ಬಿಡುವುದಿಲ್ಲ, ಜಗಲಿಯಿಂದ ಕಣ್ಣಿಗೆ ಬೀಳುವ ಹಾಗೆ ನಡುವೆಯೇ ಇರಬೇಕು ಎಂದು ಚಿಕ್ಕವ್ವ ಹಟ ಹಿಡಿದಿದ್ದರು. ಬೇರೆ ಜಾಗ ಕೊಡಿ ಎಂದು ಕೇಳಿದ್ದಕ್ಕೆ, "ಶರಿ, ಹಂಗಾದ್ರೆ ಬೇರೆ ಮನೆ ನೋಡ್ಕೊ," ಅಂದಿದ್ದರು.

ಕಂಬಗಳು ಎರಡು. ಬದುವಿನ ಮೇಲಿನ ಕಂಬದಲ್ಲಿ ಮಳೆ ಅಳೆಯುವ ಲೋಟ, ಉಷ್ಣ ತೇವ ಅಳೆಯುವ ಬಿಳಿ ಗೂಡು. ಗದ್ದೆಯೊಳಗಿನ ಕಂಬದ ತುದಿಯಲ್ಲಿ ಅಂಕಿ ಕಾಪಿಡುವ ಪೆಟ್ಟಿಗೆ, ಅದರ ಮಗ್ಗುಲಿಗೆ ಅಂಗೈಯಗಲದ ಒಂದು ತೆಳು ತಗಡು. ಗಂಧಕಸಾಲೆ ಎದೆಯೆತ್ತರ ಬರುವ ತಳಿಯಾದ್ದರಿಂದ ತಗಡನ್ನೂ ಎದೆಯೆತ್ತರಕ್ಕೆ ಕಟ್ಟಿದ್ದೆವು. ಎಲೆಯ ಮೇಲೆ ನೀರು ಕೂತರೆ ತನ್ನ ಮೇಲೂ ಕೂರಿಸಿಕೊಂಡು, ಎಷ್ಟು ಹೊತ್ತು ಕೂತಿತ್ತೆಂದು ಅದು ಹೇಳಬೇಕು. ಕಚೇರಿಯವರು ಲೀಫ್ ಸೆನ್ಸರ್ ಎನ್ನುತ್ತಿದ್ದರು. ನಾನು ಹುಸಿ ಎಲೆ ಎನ್ನುತ್ತಿದ್ದೆ. ಬೆಂಕಿ ರೋಗದ ಬೀಜಕಣ ಮೊಳೆಯುವುದೇ ರಾತ್ರಿ ಒದ್ದೆಯಾಗಿರುವ ಎಲೆಯ ಮೇಲೆ. ಹಾಗಾಗಿ ಮಾದರಿಯ ಜೀವ ಇದ್ದದ್ದು ಆ ಹುಸಿ ಎಲೆಯಲ್ಲಿ.

ನನ್ನ ವಾಸ ಕಲ್ಲೂರಿನಲ್ಲಿ, ಒಂದು ಅಂಗಡಿಯ ಮಾಳಿಗೆಯ ಕೋಣೆ. ಮಲಯಾಳ ನನಗೆ ಊಟ, ಬಸ್ಸು, ಸಿಮ್ ಕಾರ್ಡು ಇಷ್ಟಕ್ಕೆ ಸಾಕಾಗುತ್ತಿತ್ತು, ಅದರಾಚೆಗಲ್ಲ. ಹೋಟೆಲಿನವನು ಒಳ್ಳೆಯವನು. ದಿನಾ "ಸುಖಮಲ್ಲೇ?" ಎಂದು ಕ್ಷೇಮ ವಿಚಾರಿಸುತ್ತಿದ್ದ, ದಿನಾ ತಲೆಯಾಡಿಸುತ್ತಿದ್ದೆ. ಅಲ್ಲಿಗೆ ನಮ್ಮ ಮಾತು ಮುಗಿಯಿತು. ರಾತ್ರಿ ಕಾಡಿನ ರಸ್ತೆಗೆ ಗೇಟು ಬಿದ್ದ ಮೇಲೆ ಹೆದ್ದಾರಿಯೂ ಸುಮ್ಮನಾಗುತ್ತಿತ್ತು. ಹಗಲೆಲ್ಲ ಲಾರಿ ಸದ್ದಿಗೆ ಬೈದುಕೊಳ್ಳುತ್ತಿದ್ದವನು ಸಂಜೆಯಾದರೆ ಒಂದಾದರೂ ಲಾರಿ ಹೋಗಲಿ ಎಂದು ಕಿವಿ ನೆಟ್ಟಿರುತ್ತಿದ್ದೆ. ಒಂಟಿ ಎತ್ತಿಗೆ ಗಂಟೆ ಕಟ್ಟಬೇಡ, ಅದರ ಸದ್ದಿಗೆ ಅದೇ ಬೇಸರಪಡುತ್ತದೆ ಎನ್ನುತ್ತಿದ್ದಳು ನಮ್ಮಜ್ಜಿ. ಕೋಣೆಯಲ್ಲಿ ಒಬ್ಬನೇ ಕೆಮ್ಮಿದಾಗಲೆಲ್ಲ ಅದು ನೆನಪಿಗೆ ಬರುತ್ತಿತ್ತು.

ಮಾತಿಗೆ ಇದ್ದವರು ಅಕ್ಕ ತಂಗಿ ಇಬ್ಬರೇ. ಆದರೆ ಪರೀಕ್ಷೆಗೊಂದು ಕಟ್ಟಳೆಯಿತ್ತು: ಮಾದರಿ ತೋರಿಸಿದ ಬಣ್ಣವನ್ನು ಗದ್ದೆಯವರಿಗೆ ಹೇಳಕೂಡದು. ಹೇಳಿದರೆ ಅವರು ನೀರು ಕಟ್ಟುವುದು, ಗೊಬ್ಬರ ಹಾಕುವುದು ಬದಲಾಗುತ್ತದೆ, ಪರೀಕ್ಷೆ ಕೆಡುತ್ತದೆ. ಕಟ್ಟಳೆಯಲ್ಲಿ ತಪ್ಪೇನಿರಲಿಲ್ಲ. ಆದರೆ ಆ ಇಡೀ ಜಿಲ್ಲೆಯಲ್ಲಿ ನಾನು ಬಾಯಿಬಿಟ್ಟು ಮಾತಾಡಬಲ್ಲ ಇಬ್ಬರೇ ಇಬ್ಬರು, ಅವರಿಗೆ ಮಾತ್ರ ಹೇಳಬಾರದ ಒಂದು ಸಂಗತಿ, ಅದೂ ಅವರ ಗದ್ದೆಯದೇ.

ಬಿಸಿಲು ಹತ್ತಿ ಮಂಜು ಕರಗಿದ ಮೇಲೆ ಹೋಗುತ್ತಿದ್ದೆ. ಅದಕ್ಕಿಂತ ಮೊದಲು ಆ ಕಾಲುದಾರಿಯಲ್ಲಿ ಆನೆ ಇರಬಹುದೆಂದು ಎಲ್ಲರೂ ಎಚ್ಚರಿಸಿದ್ದರು. ಮೊದಲು ಲೋಟದ ಕಸ ತೆಗೆಯುವುದು, ಆಮೇಲೆ ಗೂಡಿನಲ್ಲಿ ಜೇಡ ಬಲೆ ಕಟ್ಟಿದೆಯೇ ನೋಡುವುದು. ನಂತರ ಹುಸಿ ಎಲೆಯನ್ನು ಮೆತ್ತನೆ ಬಟ್ಟೆಯಿಂದ ಒರೆಸಿ, ಒಣಗಿದಾಗಿನ ಅಂಕಿ ನೋಡಿ, ನೀರು ಚಿಮುಕಿಸಿ, ಅಂಕಿ ಜಿಗಿಯುತ್ತದೆಯೇ ಎಂದು ನೋಡುವುದು. ಪ್ರತಿ ಸಲವೂ ಜಿಗಿಯುತ್ತಿತ್ತು. ಕೊನೆಗೆ ಮಡಿಗಳ ನಡುವೆ ಓರೆಯಾಗಿ ನಡೆಯುತ್ತ, ಕಣ್ಣು ಹುಡುಕದೆ ಕೈಗೆ ಸಿಕ್ಕಿದ ಬುಡ ಹಿಡಿದು, ಎಲೆ ಎಲೆಯಾಗಿ ತಿರುಗಿಸಿ ರೋಗಕ್ಕೆ ಅಂಕ ಹಾಕುವುದು. ಒಳ್ಳೆಯ ಬುಡವನ್ನೇ ಆರಿಸುವ ಚಪಲವೂ ಇರುತ್ತದೆ, ಕೆಟ್ಟದ್ದನ್ನೇ ಆರಿಸುವ ಚಪಲವೂ ಇರುತ್ತದೆ. ಅದಕ್ಕೇ ಕಣ್ಣು ಮೇಲಿಟ್ಟು ಕೈ ಕೆಳಗಿಡಬೇಕು.

ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಕರಿ ಚಾಯ. ಚಿಕ್ಕವ್ವ ಕೇಳುತ್ತಿದ್ದರು:

"ಏನಂತು ನಿನ್ ಮಿಷನ್ನು?"

"ಏನೂ ಅನ್ನಲಿಲ್ಲ ಚಿಕ್ಕವ್ವ."

"ಅದೂ ಅನ್ನಲ್ಲ, ನೀನೂ ಅನ್ನಲ್ಲ. ಮೂಗ್ರು ಮೂಗ್ರು ಸೇರ್ಕಂಡು ನಮ್ ಗದ್ದೇಲಿ ಏನ್ ಮಾಡ್ತಾ ಇದ್ದೀರ?"

"ಸುಮ್ನಿರೆ," ಅನ್ನುತ್ತಿದ್ದರು ದೊಡ್ಡವ್ವ. "ಪಾವಂ, ಪಾಪ, ಬಿಸ್ಲಲ್ಲಿ ಬಂದದೆ. ಇನ್ನೊಂಚೂರು ಬೆಲ್ಲ ಕಡಿ ಮಗಾ."

ಮಾದರಿ ಅನ್ನುತ್ತಿದ್ದುದು ಒಂದೇ: ಹಸಿರು. ವಾರ ಕಳೆದರೂ ಹಸಿರು, ಮಳೆ ಹಿಂದೆ ಸರಿದು ಮಂಜು ಇಳಿದ ಮೇಲೂ ಹಸಿರು. ಬಯಲಿನ ತಾಣದಲ್ಲಿ ಹಳದಿ ಆಗಿತ್ತು, ಕಡಲ ತೀರದಲ್ಲಿ ಒಮ್ಮೆ ಕೆಂಪೂ ಆಗಿತ್ತು. ವಾರದ ವಿಡಿಯೊ ಕರೆಯಲ್ಲಿ ಮಾದರಿ ತಂಡದ ಮುಖ್ಯಸ್ಥೆ ಅಂಕಿಗಳನ್ನು ತೆರೆದಿಟ್ಟರು. ಗಾಳಿಯಲ್ಲಿ ತೇವ ಬೇಕಾದಷ್ಟಿದೆ, ಹುಸಿ ಎಲೆ ಮಾತ್ರ ರಾತ್ರಿಯಿಡೀ ಒಣಗಿದೆ. ನಾನೂ ಅದನ್ನೇ ಕೇಳಬೇಕೆಂದಿದ್ದೆ. ಅವರ ತಂಡದವರೊಬ್ಬರು ವಿವರಿಸಿದರು: ಕಾಡಿನ ಕಡೆಯಿಂದ ಇಳಿಜಾರಿನಲ್ಲಿ ರಾತ್ರಿ ಗಾಳಿ ಹರಿಯುತ್ತಿರಬೇಕು, ಗಾಳಿಯಾಡಿದರೆ ಇಬ್ಬನಿ ಕೂರುವುದಿಲ್ಲ. ಸೆನ್ಸರ್ ಕೆಟ್ಟಿದ್ದರೆ ಹಗಲು ಮಳೆಗೆ ಹೇಗೆ ಸರಿಯಾಗಿ ಹೇಳುತ್ತಿತ್ತು? ಹೌದೆನಿಸಿತು. ಒಪ್ಪಿಕೊಂಡೆ.

ಆಮೇಲೆ ಚುಕ್ಕೆ ಕಂಡಿತು.

ಮೊದಲು ಬಿಟ್ಟ ಮಡಿಯಲ್ಲಿ, ಕೆಲವೇ ದಿನಗಳಲ್ಲಿ ನಡುವಿನ ಮಡಿಯಲ್ಲೂ. ಎಲೆಯ ಉದ್ದಕ್ಕೆ ಎರಡೂ ತುದಿ ಚೂಪಾದ, ಕಣ್ಣಿನಾಕಾರದ ಕಲೆ. ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ಬೆಂಕಿ ರೋಗವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅಂಕ ಹಾಕಿ, ಫೋಟೊ ತೆಗೆದು ಕಳಿಸಿದೆ. ಮುಂದಿನ ಕರೆಯಲ್ಲಿ ಆ ಫೋಟೊಗಳನ್ನು ಎಲ್ಲರೂ ದೊಡ್ಡದು ಮಾಡಿ ನೋಡಿದರು. ನಂತರ ಮುಖ್ಯಸ್ಥೆ ಮೆತ್ತಗೆ ಕೇಳಿದರು:

"ಕಂದು ಚುಕ್ಕೆ ರೋಗ ಇರಬಹುದಲ್ಲವೇ? ಎಲೆ ಒಣಗಿದ್ದಾಗ ಬೆಂಕಿ ರೋಗ ಹೇಗೆ ಬರುತ್ತದೆ? ನಿಮ್ಮ ಅಂಕಗಳು ಉಳಿದ ತಾಣಗಳಿಗಿಂತ ಸ್ವಲ್ಪ ಬಿಗಿಯಾಗಿಯೇ ಇವೆ."

"ಕಂದು ಚುಕ್ಕೆ ಎಳ್ಳುಕಾಳಿನ ಹಾಗೆ ದುಂಡಗಿರುತ್ತೆ ಮೇಡಂ. ಇದು ಕಣ್ಣಿನ ಹಾಗಿದೆ."

"ಫೋಟೊದಲ್ಲಿ ಎರಡೂ ಥರ ಕಾಣುತ್ತಿದೆ."

ಕಾಣುತ್ತಿತ್ತು, ಸುಳ್ಳಲ್ಲ. ಇಬ್ಬರಿಗೂ ಹಟವಿರಲಿಲ್ಲ. ಅವರು ನನ್ನನ್ನು ಬೈದಿದ್ದರೆ ಸುಲಭವಾಗುತ್ತಿತ್ತು. ಮರ್ಯಾದೆಯಿಂದ ಅನುಮಾನಿಸಿದರು. ಅವತ್ತಿನಿಂದ ನಾನೇ ನನ್ನ ಕಣ್ಣನ್ನು ಅನುಮಾನಿಸತೊಡಗಿದೆ. ಗದ್ದೆಯಲ್ಲಿ ನಿಂತಾಗ ಬೆಂಕಿ ರೋಗ, ಕೋಣೆಗೆ ಬಂದು ಫೋಟೊ ನೋಡಿದಾಗ ಕಂದು ಚುಕ್ಕೆ. ಪಕ್ಕದಲ್ಲಿ ಇನ್ನೊಬ್ಬರಿದ್ದು "ಹೌದು, ನನಗೂ ಹಾಗೇ ಕಾಣುತ್ತದೆ" ಎಂದಿದ್ದರೆ ಸಾಕಿತ್ತು. ಒಂದು ಸಲ ಹೋಟೆಲಿನವನಿಗೇ ಫೋನು ಚಾಚಿ ಎಲೆ ತೋರಿಸಿದೆ. ಅವನು ಕನ್ನಡಕ ಏರಿಸಿ ನೋಡಿ, ಬಹಳ ಚೆನ್ನಾಗಿದೆ ಎಂಬಂತೆ ಹೆಬ್ಬೆರಳೆತ್ತಿದ.

ಪೈರು ಹೊಡೆ ತುಂಬುತ್ತಿತ್ತು, ಅಂದರೆ ತೆನೆ ಇನ್ನೂ ಕಾಂಡದ ಹೊಟ್ಟೆಯೊಳಗೆ. ಎಲೆಗೆ ಬಂದ ಬೆಂಕಿ ಅಷ್ಟು ಕೊಲ್ಲುವುದಿಲ್ಲ. ಅದು ತೆನೆಯ ಕುತ್ತಿಗೆಗೆ ಹತ್ತಿದರೆ ಕುತ್ತಿಗೆ ಕಪ್ಪಾಗಿ, ಮೇಲಿನ ಕಾಳೆಲ್ಲ ಜೊಳ್ಳು. ಔಷಧಿ ಹೊಡೆಯುವುದಾದರೆ ತೆನೆ ಹೊರಗೆ ಬರುವ ಮೊದಲು ಹೊಡೆಯಬೇಕು, ಆಮೇಲೆ ಹೊಡೆದದ್ದು ನೀರಿಗೆ ಹೊಡೆದ ಹಾಗೆ. ದೊಡ್ಡವ್ವ ಹೊಡೆಯನ್ನು ಬೆರಳಿನಿಂದ ಒತ್ತಿ ನೋಡಿ, "ತುಂಬ್ಕತಾ ಅವೆ ಮೋನೆ, ಮುಂದ್ಲೊರ್ಸಕ್ಕೂ ಬೀಜಕ್ಕೆ ಪರ್ವಾಗಿಲ್ಲ," ಎಂದಾಗ ನಾನು ಚಾಯದ ಲೋಟದೊಳಗೆ ನೋಡುತ್ತ ಕೂತೆ.

ತಗಾದೆ ಮುಗಿಯಲೆಂದು ಮುಖ್ಯಸ್ಥೆ ಒಂದು ದಾರಿ ಹೇಳಿದರು. ಬೆಳಕು ಹರಿಯುವಾಗ, ಇಬ್ಬನಿ ಆರುವ ಮೊದಲು ಕಲೆಯಿರುವ ಎಲೆ ಕೊಯ್ದು, ಒದ್ದೆ ಹತ್ತಿ ಹಾಸಿದ ಡಬ್ಬಿಯಲ್ಲಿ ಮುಚ್ಚಿಡಬೇಕು. ಬೆಂಕಿ ರೋಗವಾದರೆ ಕಲೆಯ ನಡುವೆ ಬೂದು ಬೂಸು ಏಳುತ್ತದೆ, ಭೂತಗನ್ನಡಿಯಲ್ಲಿ ಕಾಣುತ್ತದೆ. ಆ ಹೊತ್ತಿಗೆ ಗದ್ದೆ ಸೇರಲು ನನಗಿದ್ದ ಸಾಧನ ಹಾಲು ಸೊಸೈಟಿಯ ಜೀಪು. ಕ್ಯಾನುಗಳ ನಡುವೆ ಕುಳಿತು ಹೋಗಿ ರಸ್ತೆಯ ಮೇಲೆ ಇಳಿದುಕೊಂಡೆ. ಡ್ರೈವರು ಹಾರನ್ನು ಎರಡು ಸಲ ಬಾರಿಸಿ, ಆನೆಯಿದ್ದರೆ ಹೋಗಲಿ ಎಂದು ಕೈಸನ್ನೆ ಮಾಡಿ ಮುಂದೆ ಹೋದ.

ಮಂಜು ಹಾಲಿನ ಹಾಗೆ ಗದ್ದೆಯಲ್ಲಿ ನಿಂತಿತ್ತು. ಗಾಳಿ ಎಂಬುದೇ ಇರಲಿಲ್ಲ. ಇಳಿಜಾರಿನಲ್ಲಿ ಗಾಳಿ ಹರಿಯುತ್ತದೆ ಅಂದಿದ್ದರಲ್ಲ, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಬದುವಿನ ಮೇಲೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಪ್ಯಾಂಟು ತೊಡೆಯ ತನಕ ತೊಯ್ದಿತು. ಇಷ್ಟು ಇಬ್ಬನಿ ಇದ್ದರೂ ಹುಸಿ ಎಲೆ ಒಣಗಿತ್ತೇ ಎಂದುಕೊಳ್ಳುತ್ತ ತಲೆಯೆತ್ತಿದೆ.

ನಡುವಿನ ಮಡಿಯಲ್ಲಿ ಯಾರೋ ನಿಂತಿದ್ದರು.

ಕೊಪ್ಪೆ ಹಾಕಿಕೊಂಡು, ಬೆನ್ನು ನನ್ನ ಕಡೆ ಮಾಡಿ, ಎದೆಯೆತ್ತರದ ಪೈರಿನ ನಡುವೆ ಅಲ್ಲಾಡದೆ ನಿಂತಿದ್ದರು. ದೊಡ್ಡವ್ವನೇ ಇರಬೇಕೆಂದು ಕೂಗಿದೆ. ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ. ಕಾಡಂಚು, ಒಬ್ಬನೇ, ಏನೇನೋ ನೆನಪಾಗುತ್ತದೆ. ಬದುವಿನಿಂದಿಳಿದು ಪೈರು ಸರಿಸಿಕೊಂಡು ಹತ್ತಿರ ಹೋದೆ. ಅದು ನನ್ನ ಕಂಬ. ತಲೆಗೆ ಗೊಬ್ಬರದ ಚೀಲದ ಕೊಪ್ಪೆ, ಗಾಳಿಗೆ ಹಾರದ ಹಾಗೆ ಗದ್ದದ ಕೆಳಗೆ ಗಂಟು ಹಾಕುವಂತೆ ಬಾಳೆನಾರಿನಿಂದ ಕಟ್ಟಿದ್ದರು. ಕೊಪ್ಪೆಯ ಹೊರಗೆ ನೀರಿಳಿಯುತ್ತಿತ್ತು. ಒಳಗೆ ಕೈ ಹಾಕಿ ಹುಸಿ ಎಲೆಯನ್ನು ಮುಟ್ಟಿದೆ. ಬೆಚ್ಚಗೆ, ಒಣಗಿ, ಜೋಪಾನವಾಗಿತ್ತು.

ಅಲ್ಲೇ ನಿಂತುಕೊಂಡೆ. ನಗಬೇಕೋ ಅಳಬೇಕೋ ಎನ್ನುತ್ತಾರಲ್ಲ, ನನಗೆ ಎರಡೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡವ್ವ ಬಂದರು.

"ಅಯ್ಯೋ ಮಗಾ, ಇಷ್ಟ್ ಬೇಗ ಬಂದ್ಯಲ್ಲ! ಆನೆ ಗೀನೆ ಇದ್ದಿದ್ರೆ?"

"ದೊಡ್ಡವ್ವ, ಇದಕ್ಕೆ ಕೊಪ್ಪೆ ಯಾವಾಗಿನಿಂದ?"

"ನಿಲ್ಸಿದ್ ದಿವ್ಸದಿಂದ್ಲೂವೆ. ಸಂಜೆ ಹಸ ಕಟ್ಬುಟ್ಟು ಬಂದು ಹಾಕ್ತೀನಿ, ಬಿಸ್ಲು ಬಂದ್ಮ್ಯಾಲೆ ತೆಗೀತೀನಿ. ನೀನೆ ಅಲ್ವ ಅಂದಿದ್ದು, ಕರೆಂಟ್ ಸಾಮಾನು, ಜ್ವಾಪಾನ ಅಂತ?"

ಅಂದಿದ್ದೆ. ಎಲ್ಲ ಗದ್ದೆಯಲ್ಲೂ ಹೇಳುವ ಮಾತು ಅದು. ದನ ಕಟ್ಟಬೇಡಿ, ಬಟ್ಟೆ ಹರಡಬೇಡಿ ಎಂಬ ಅರ್ಥದಲ್ಲಿ.

"ಇದು ನೆನೀಬೇಕು ದೊಡ್ಡವ್ವ. ನೆನೀಲಿ ಅಂತಾನೇ ಇಲ್ಲಿ ನಿಲ್ಲಿಸಿರೋದು."

ಅವರು ನನ್ನ ಮುಖ ನೋಡಿದರು, ಕಂಬ ನೋಡಿದರು.

"ನೆನೀಲಿ ಅಂತ ಯಾರಾದ್ರೂ ಒಂದನ್ನ ಹೊರ್ಗೆ ನಿಲ್ಲುಸ್ತಾರ ಮೋನೆ?"

ಅಷ್ಟರಲ್ಲಿ ಚಿಕ್ಕವ್ವ ಬದುವಿಗೆ ಬಂದಿದ್ದರು. "ಅಲ್ಲಿ ಮಳೆ ಲೋಟ ಬಾಯಿ ಬುಟ್ಕಂಡು ಕೂತದಲ್ಲ, ಅದಕ್ಕ್ಯಾಕೆ ಹಾಕಿಲ್ಲ ಅಂತ ಕೇಳು ಇವಳ್ನ!"

"ಅದು ಬದಿನ್ ಮ್ಯಾಲದೆ ಕನೆ. ಅದ್ರ ಕಾಲು ಒಣಗವೆ. ಇದೊಂದು ತಾನೆ ಕೆಸ್ರಲ್ಲಿರೋದು?"

ಎಲೆ ಕೊಯ್ದು ಡಬ್ಬಿಗೆ ಹಾಕಿಕೊಂಡು ಕೋಣೆಗೆ ಮರಳಿದೆ. ಕೊಪ್ಪೆಯಿಂದಾಗಿ ಏನಾಗಿದೆ ಎಂದು ಅವರಿಗೆ ಇನ್ನೂ ಹೇಳಿರಲಿಲ್ಲ. ಮೊದಲು ಲೆಕ್ಕ ನೋಡಬೇಕಿತ್ತು. ಬದುವಿನ ಗೂಡಿಗೆ ಕೊಪ್ಪೆ ಇರಲಿಲ್ಲವಲ್ಲ, ಅದರ ಉಷ್ಣ ತೇವದ ಅಂಕಿಗಳು ಸಾಚಾ. ಗಾಳಿ ತೇವದಿಂದ ತುಂಬಿದ್ದ ಗಂಟೆಗಳನ್ನೆಲ್ಲ ಎಲೆ ಒದ್ದೆಯಾಗಿದ್ದ ಗಂಟೆಗಳೆಂದು ಹಿಡಿದು, ಹುಸಿ ಎಲೆಯ ಕಾಲಂ ತೆಗೆದು ಆ ಜಾಗಕ್ಕೆ ಇದನ್ನು ಸೇರಿಸಿ, ಹಿಂದಿನ ಅಷ್ಟೂ ವಾರಗಳಿಗೆ ಮಾದರಿಯನ್ನು ಮತ್ತೆ ಓಡಿಸಿದೆ. ಹಸಿರಾಗಿದ್ದ ಸಾಲು ಮಂಜು ಇಳಿದ ವಾರದಿಂದ ಹಳದಿಯಾಯಿತು, ಎಲೆಯಲ್ಲಿ ಚುಕ್ಕೆ ಕಾಣುವುದಕ್ಕೆ ಮೊದಲೇ ಕೆಂಪಾಯಿತು. ಪಾಪ, ಮಾದರಿಯೂ ಸರಿಯಾಗಿಯೇ ಇತ್ತು, ನನ್ನ ಕಣ್ಣೂ ಸರಿಯಾಗಿಯೇ ಇತ್ತು. ಮರುದಿನ ಡಬ್ಬಿ ತೆರೆದಾಗ ಕಲೆಗಳ ನಡುವೆ ಬೂದು ಬೂಸು ಎದ್ದಿತ್ತು. ಕೂಡಲೇ ಕರೆ ಮಾಡಿದೆ.

ಮುಖ್ಯಸ್ಥೆ ಎಲ್ಲ ಕೇಳಿದರು. ಕೊಪ್ಪೆಯ ಮಾತಿಗೆ ಒಮ್ಮೆ ನಕ್ಕರು, ಆಮೇಲೆ ಗಂಭೀರವಾದರು.

"ನಿಮ್ಮ ಕಣ್ಣನ್ನು ಅನುಮಾನಿಸಿದೆ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ನಡುವೆ ನಿಯಮ ಬದಲಾಯಿಸುವ ಹಾಗಿಲ್ಲ. ಸೆನ್ಸರ್ ಹೇಳಿದ್ದೇ ಲೆಕ್ಕ. ಇವತ್ತಿನಿಂದ ಕೊಪ್ಪೆ ಇಲ್ಲವಲ್ಲ? ಬಿಡಿ, ಅದು ತಾನಾಗಿ ಕೆಂಪಿಗೆ ಬರಲಿ. ಕೊನೆಯ ಭಾಗವಾದರೂ ಉಳಿಯುತ್ತದೆ."

"ಅದು ಕೆಂಪಿಗೆ ಬರೋದಕ್ಕೆ ಸುಮಾರು ರಾತ್ರಿಗಳು ಒದ್ದೆಯಾಗಬೇಕು ಮೇಡಂ. ಅಷ್ಟರಲ್ಲಿ ತೆನೆ ಹೊರಗೆ ಬಂದಿರುತ್ತೆ."

"ಗೊತ್ತು," ಅಂದರು. "ಈಗ ಹೊಡೆದರೆ ಆ ತಾಣ ಪೂರ್ತಿ ಹೋದ ಹಾಗೆ. ನಿಮ್ಮ ಇಷ್ಟು ತಿಂಗಳ ಕೆಲಸ ವರದಿಯಲ್ಲಿ ಇರುವುದಿಲ್ಲ. ಯೋಚಿಸಿ."

ಯೋಚಿಸಿದೆ. ಆಗ ನನ್ನೊಳಗೆ ಎದ್ದದ್ದನ್ನು ಬರೆಯದಿದ್ದರೆ ಈ ಕಥನಕ್ಕೆ ಅರ್ಥವಿಲ್ಲ. ಹೊಡೆಯದೆ ಬಿಡಬೇಕೆಂದೇ ನನಗೆ ಅನ್ನಿಸಿತ್ತು. ನಡುವಿನ ಮಡಿಯಲ್ಲಿ ಕುತ್ತಿಗೆ ಬೆಂಕಿ ಹತ್ತಿ, ತೆನೆಗಳು ಬೆಳ್ಳಗೆ ಸತ್ತು ನಿಂತರೆ, ಅದರ ಫೋಟೊದಲ್ಲಿ ಎರಡು ಥರ ಕಾಣುವುದಕ್ಕೇನೂ ಇರುವುದಿಲ್ಲ. ತಿಂಗಳುಗಟ್ಟಲೆ ಒಬ್ಬನೇ ಕಂಡದ್ದನ್ನು ಎಲ್ಲರೂ ಕಾಣುತ್ತಾರೆ. ಒಂಟಿತನ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆಂದರೆ, ಇನ್ನೊಬ್ಬರ ಬೀಜದ ಭತ್ತ ಜೊಳ್ಳಾಗಲಿ, ನನ್ನ ಕಣ್ಣು ನಿಜವಾಗಲಿ ಎಂದು ಕಾಯುವಲ್ಲಿಗೆ. ಅದು ಹೊಳೆದ ಮೇಲೆ ಕೋಣೆಯಲ್ಲಿ ಕೂರಲಾಗಲಿಲ್ಲ.

ಗದ್ದೆಗೆ ಹೋದೆ. ಜಗಲಿಯಲ್ಲಿ ಕೂತು ಮೊದಲ ಸಲ ಎಲ್ಲ ಹೇಳಿದೆ. ಬಣ್ಣಗಳ ಮಾತು, ಹಸಿರು, ಚುಕ್ಕೆ, ಕಟ್ಟಳೆ, ಕೊಪ್ಪೆ. ಕೊಪ್ಪೆಯ ಮಾತು ಬಂದಾಗ ದೊಡ್ಡವ್ವ ಸೆರಗಿನ ತುದಿ ಹಿಡಿದುಕೊಂಡರು.

"ಹಂಗಾರೆ ನಾನೆ ಕಣ್ ಕಟ್ಟಿದ್ದು ಅದಕ್ಕೆ."

"ಇಲ್ಲ ದೊಡ್ಡವ್ವ. ಅದಕ್ಕೆ ಏನು ಬೇಕು ಅಂತ ನಾನು ಹೇಳಿರಲಿಲ್ಲ."

ಸಿಟ್ಟಾದವರು ಚಿಕ್ಕವ್ವ. ಅಕ್ಕನ ಮೇಲಲ್ಲ, ನನ್ನ ಮೇಲೆ. "ಚುಕ್ಕೆ ಬಂದದೆ ಅಂತ ನಿಂಗೆ ಗೊತ್ತಿತ್ತು. ದಿನಾ ಇದೇ ಜಗ್ಲಿ ಮ್ಯಾಲೆ ಕೂತು ಚಾಯ ಕುಡ್ದು, ಬಾಯಿ ಒರೆಸ್ಕಂಡು ಹೋದ್ಯಲ್ಲ. ಹೇಳ್ಬಾರ್ದು ಅಂತ ಕಟ್ಲೆಯಂತೆ. ಚಾಯ ಕುಡೀಬಾರ್ದು ಅಂತ ಇರ್ಲಿಲ್ವ ಕಟ್ಲೆ?"

ಎದ್ದು ಜಗಲಿಯಿಂದ ಕೆಳಗಿಳಿದೆ.

"ಬಯ್ಯೋದು ಆಮ್ಯಾಕೆ ಬಯ್ಯಿವಂತೆ," ಅಂದರು ದೊಡ್ಡವ್ವ, ಎದ್ದು ನಿಂತು. "ಈಗ ಏನ್ ಮಾಡ್ಬೇಕು ಮೋನೆ? ಅದ್ ಹೇಳು."

ಮಾರನೆಯ ಬೆಳಗ್ಗೆ ಮಂಜು ಕರಗಿ ಎಲೆ ಆರುವ ತನಕ ಕಾದೆವು. ಒದ್ದೆ ಎಲೆಗೆ ಹೊಡೆದರೆ ಔಷಧಿ ಜಾರಿ ಕೆಳಗಿಳಿಯುತ್ತದೆ. ನಾನು ಬೆನ್ನಿಗೆ ಪಂಪು ಹಾಕಿಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗಾಳಿಗೆ ಬೆನ್ನು ಮಾಡಿ ಸಾಲು ಸಾಲಾಗಿ ನಡೆದೆ. ನಳಿಕೆಯ ಮೂತಿಯನ್ನು ಹೊಡೆ ತುಂಬಿದ ಎತ್ತರಕ್ಕೆ ಹಿಡಿಯಬೇಕು, ಮೇಲೆ ಹಾರಿಸಬಾರದು. ಚಿಕ್ಕವ್ವ ಕೊಡದಲ್ಲಿ ನೀರು ತಂದು ಬದುವಿನ ಮೇಲಿಡುತ್ತಿದ್ದರು, ನನ್ನ ಮುಖ ನೋಡುತ್ತಿರಲಿಲ್ಲ. ಪಂಪು ತುಂಬಿಸುವಾಗ ಒಮ್ಮೆ ಮಾತ್ರ, "ಆ ಮೂಲೆ ಬುಟ್ಬುಟ್ಟೆ," ಅಂದರು. ಹೌದು, ಬಿಟ್ಟಿದ್ದೆ. ಹಿಂತಿರುಗಿ ಹೋಗಿ ಹೊಡೆದೆ.

ಸಂಜೆ ಕಚೇರಿಗೆ ಎರಡು ಸಾಲು ಬರೆದೆ: ನಡುವಿನ ಮಡಿಗೆ ನಾನಾಗಿ ಔಷಧಿ ಹೊಡೆದಿದ್ದೇನೆ, ಈ ತಾಣವನ್ನು ಪರೀಕ್ಷೆಯಿಂದ ಕೈಬಿಡಬಹುದು.

ತೆನೆ ಬಂತು. ಬಿಟ್ಟ ಮಡಿಯಲ್ಲಿ ಕುತ್ತಿಗೆಗಳು ಕಪ್ಪಾಗಿ, ತೆನೆಗಳು ಬಾಗದೆ, ಬೆಳ್ಳಗೆ ನೆಟ್ಟಗೆ ನಿಂತವು. ನಡುವಿನ ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟರೆ ಎಲ್ಲ ತಲೆಬಾಗಿದವು. ಕೊಯ್ಲಿನ ದಿನ ಚಿಕ್ಕವ್ವ ಬೀಜಕ್ಕೆಂದು ಒಳ್ಳೊಳ್ಳೆಯ ತೆನೆ ಆರಿಸಿ ಕಟ್ಟು ಕಟ್ಟುತ್ತಿದ್ದರು. ನಾನು ಹತ್ತಿರ ಹೋದಾಗ ಒಂದು ಕಟ್ಟನ್ನು ನನ್ನ ಕೈಗೆ ಕೊಟ್ಟು, "ಹಿಡ್ಕ," ಅಂದರು. ನನಗೇ ಕೊಟ್ಟುಬಿಟ್ಟರೆಂದುಕೊಂಡೆ. ಕಟ್ಟಲು ಎರಡೂ ಕೈ ಬೇಕಾಗಿತ್ತಷ್ಟೆ. ಆದರೆ ಮಾತಾಡಿದರು.

ತಾಣ ಮುಚ್ಚಿತು. ಮೈಸೂರಿನಿಂದ ಅದೇ ತಂತ್ರಜ್ಞ ಬಂದು ಲೋಟ, ಗೂಡು, ಪೆಟ್ಟಿಗೆ, ಹುಸಿ ಎಲೆ ಎಲ್ಲ ಬಿಚ್ಚಿಕೊಂಡ. ಗದ್ದೆಯೊಳಗಿನ ಕಂಬ ಮಾತ್ರ ಕಾಂಕ್ರೀಟಿನಿಂದ ಏಳಲಿಲ್ಲ. ಇಬ್ಬರೂ ಸೇರಿ ಅಲ್ಲಾಡಿಸಿ ಸೋತೆವು. ಕಿತ್ತು ಹಾಕಿಸುತ್ತೇವೆ ಎಂದದ್ದಕ್ಕೆ ದೊಡ್ಡವ್ವ, "ಇರ್ಲಿ ಬುಡು, ಅದರ್ ಪಾಡಿಗೆ ಅದು," ಅಂದರು. ನನ್ನನ್ನು ಬಯಲಿನ ತಾಣಕ್ಕೆ ಹಾಕಿದರು. ವರದಿಯಲ್ಲಿ ಕಲ್ಲೂರಿನ ಗದ್ದೆ ಇರಲಿಲ್ಲ. ಆದರೆ ಮುಂದಿನ ಹಂಗಾಮಿಗೆ ತಾಣದವರಿಗೆಂದು ಕೊಟ್ಟ ಸೂಚನೆಗಳಲ್ಲಿ ಹೊಸದಾಗಿ ಒಂದು ಸೇರಿತ್ತು: ಹಗಲಿನಲ್ಲಿ ಮಾತ್ರವಲ್ಲ, ಬೆಳಕು ಹರಿಯುವಾಗಲೂ ಒಮ್ಮೆ ಕಂಬವನ್ನು ನೋಡಿ ಬರಬೇಕು.

ಮಾರನೆಯ ವರ್ಷ ಮಂಜಿನ ಕಾಲಕ್ಕೆ ಬೇರೆ ಯಾವುದೋ ಕೆಲಸಕ್ಕೆ ಕಲ್ಲೂರಿನ ಆಚೆಯ ಬತ್ತೇರಿ ಪೇಟೆಗೆ ಹೋಗಿದ್ದವನು, ಗೇಟು ತೆಗೆಯುವ ಹೊತ್ತಿಗೆ ಕಾಡು ಸೇರುವ ಮೊದಲ ಬಸ್ಸಿಗೆ ಮೈಸೂರಿಗೆ ಹೊರಟೆ. ಎಡಗಡೆ ಕಿಟಕಿ ಹಿಡಿದು ಕೂತಿದ್ದೆ. ಕಲ್ಲೂರು ದಾಟಿತು. ಗಾಜು ಒರೆಸಿ ನೋಡಿದೆ. ಮಂಜಿನಲ್ಲಿ ಬಾಳೆತೋಟಗಳು ಮುಗಿದು, ಗದ್ದೆ ಬಂತು. ಗಂಧಕಸಾಲೆ ಎದೆಯೆತ್ತರ ಬೆಳೆದು ನಿಂತಿತ್ತು. ನಡುವೆ, ಪೆಟ್ಟಿಗೆಯಿಲ್ಲ, ಹುಸಿ ಎಲೆಯಿಲ್ಲ, ಬರಿಯ ಕಬ್ಬಿಣದ ಕಂಬ. ಅದರ ತಲೆಗೆ ಕೊಪ್ಪೆ ಹಾಕಿತ್ತು.

ಪಕ್ಕದಲ್ಲಿ ಕೂತಿದ್ದ ಗುಂಡ್ಲುಪೇಟೆಯ ಮುದುಕರೊಬ್ಬರು ನನ್ನ ಭುಜದ ಮೇಲಿನಿಂದ ಬಗ್ಗಿ ನೋಡಿದರು.

"ಯಾರೋ ಪಾಪ, ಇಷ್ಟೊತ್ಗೇ ಗದ್ದೆಗೆ ಬಂದು ನಿಂತವ್ರೆ," ಅಂದರು. "ತಲೆಗೆ ಹಾಕ್ಕಂಡವ್ರೆ, ಪರವಾಗಿಲ್ಲ."

ಹೌದು ಎಂದೆ. ಬಸ್ಸು ಕಾಡಿನ ಗೇಟಿಗೆ ಬಂದು ನಿಂತಿತು.